ಮೇಲ್ಮನೆಯ ಕಂಡಕ್ಟರಣ್ಣನ ಆಲೆಮನೆ

ಕಂಡಕ್ಟರಣ್ಣನ ಎಡಗೈ ಬೆರಳುಗಳು ಎಷ್ಟು ಕೂಡಿಸಿದರೂ ಪೂರ್ತಿ ಕೂಡುತ್ತಿರಲಿಲ್ಲ. ನಾಗಮಂಗಲದ ಬಸ್ಸಿನಲ್ಲಿ ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಗಳಲ್ಲಿ ಸಿಕ್ಕಿಸಿಕೊಂಡೇ ಅವರ ಕೆಲಸದ ಕಾಲವೆಲ್ಲ ಕಳೆದಿತ್ತು. ನಿವೃತ್ತರಾದ ಮೇಲೆ ಅದೇ ಸಂದಿಗಳಿಗೆ ಕೆಂಪು, ಹಳದಿ ಪ್ಲಾಸ್ಟಿಕ್ ಇಟ್ಟಿಗೆಗಳು ಬಂದವು. ಮಕ್ಕಳೇ, ಒಂದಕ್ಕೊಂದು ಕಚ್ಚಿಸಿ ನೀವು ಮನೆ ಕಟ್ಟಿ ಆಡುತ್ತೀರಲ್ಲ, ಅಂಥವು.

ನಿಮ್ಮ ತಾತ ಹೋದ ಮೇಲೆ ಪಾಂಡವಪುರದ ನಮ್ಮ ಮನೆಯ ಮಹಡಿಯನ್ನು ಅವರಿಗೂ ಅವರ ಮಗಳಿಗೂ ಬಾಡಿಗೆಗೆ ಕೊಟ್ಟಿದ್ದೆ. ನಾನು ಬಾಗಿಲ ಮರೆಯಲ್ಲಿ ನಿಂತೇ ಮಾತಾಡುತ್ತಿದ್ದವಳು. ಒಂದು ದಿನ ಮಗಳು ಬಲವಂತದಿಂದ ಮೇಲಕ್ಕೆ ಕರೆದೊಯ್ದಳು. ಮೇಜಿನ ಮೇಲೆ ಶ್ರೀರಂಗಪಟ್ಟಣದ ಕಲ್ಲುಸೇತುವೆ ಕಂಬಕಂಬವಾಗಿ ನಿಂತಿತ್ತು. ಅವರು ಕೂರಲೊಲ್ಲದ ಒಂದು ಇಟ್ಟಿಗೆಯನ್ನು ಗದರಿಸುತ್ತಿದ್ದರು. "ಒಳಕ್ಕೋಗ್ಲಾ, ಬಾಗ್ಲಲ್ಲೇ ನಿಂತ್ಕಂಡ್ರೆ ಮಿಕ್ಕೋರು ಎಲ್ಲಿ ಹತ್ತಾರ್ಲಾ?" ತಾತ ಹೋದ ಮೇಲೆ ನಾನು ಮೊದಲು ನಕ್ಕದ್ದು ಆವತ್ತೇ ಇರಬೇಕು.

ಯಾವ ಇಟ್ಟಿಗೆಯ ಮೇಲೆ ಯಾವುದು ಎಂದು ಅವರು ಚೌಕಳಿ ಹಾಳೆಗಳಲ್ಲಿ ಹಂತಹಂತವಾಗಿ ಚಿತ್ರ ಬರೆಯುತ್ತಿದ್ದರು. ಬರೆದದ್ದನ್ನು ನನಗೆ ಕೊಟ್ಟು ಕಟ್ಟಲು ಹೇಳುವರು. ನಾನು ಎಲ್ಲಿ ತಡವರಿಸಿದೆನೋ ಆ ಹಾಳೆಯನ್ನು ಮತ್ತೆ ಬರೆಯುವರು. ಆಮೇಲಷ್ಟೇ ಅದು ಅವರ ಹೆಸರಿನಲ್ಲಿ ಫೋನಿನ ಮೂಲಕ ಇಂಥದೇ ಹವ್ಯಾಸದವರಿಗೆ ಹೋಗುತ್ತಿತ್ತು. ಕೇಳಿದವರಿಗೆಲ್ಲ ಬಿಟ್ಟಿ ಕೊಡುತ್ತಿದ್ದರು. ಮಾರುವುದು ಮಾತ್ರ ಕೂಡದು.

ಚಿನಕುರಳಿಯ ಹತ್ತಿರ ಅವರ ಅಪ್ಪ ನಡೆಸುತ್ತಿದ್ದ ಆಲೆಮನೆ ಈಗ ಇಲ್ಲ. ಗಾಣ, ಕೊಪ್ಪರಿಗೆ, ಹೊಗೆಗೂಡು, ಒಣಹಾಕಿದ ಕಬ್ಬಿನ ಸಿಪ್ಪೆ, ಎಲ್ಲವನ್ನೂ ನೆನಪಿನಿಂದ ತೆಗೆದು ಅವರು ಇಟ್ಟಿಗೆಯಲ್ಲಿ ಕಟ್ಟಿದರು. ಹಾಳೆಗಳನ್ನು ನನ್ನ ಕೈಗೆ ಕೊಟ್ಟು, "ನೀವ್ ಕಟ್ಟಿ ನೋಡಿ ಮುಗಿಯೋಗಂಟ ನಿಮ್ತಾವೇ ಇರ್ಲಿ ಕಣಕ್ಕ" ಎಂದರು.

ಆಗಲೇ ಕೆ.ಆರ್. ಪೇಟೆಯಲ್ಲಿ ಆಟಿಕೆ ಅಂಗಡಿ ಇಟ್ಟಿರುವ ನನ್ನ ತಮ್ಮನ ಮಗ ಬಂದ. ಹಾಳೆ ನೋಡಿ, ನನ್ನ ಮಗಳಿಗೆ ತೋರಿಸಬೇಕು, ಫೋಟೋ ಕಳಿಸಿ ಅತ್ತೆ ಎಂದ. ನಮ್ಮಲ್ಲಿ ರಂಗೋಲಿ ಚುಕ್ಕಿ ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಅದು ಯಾರ ರಂಗೋಲಿ ಎಂದು ಕೇಳುವವರೂ ಇಲ್ಲ. ಅಲ್ಲದೆ ಕೇಳಿದವನು ತವರಿನ ಹುಡುಗ. ಎಲ್ಲ ಹಾಳೆಗಳನ್ನೂ ಕಳಿಸಿದೆ. 'ನಮ್ಮ ಮೇಲ್ಮನೆಯವರು ಬರೆದದ್ದು' ಎಂದು ಹೆಮ್ಮೆಯಿಂದ ಬರೆದೂ ಕಳಿಸಿದೆ.

ಅವನು ಆ ಒಂದು ಸಾಲನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ತನ್ನದೆಂದು ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟ.

ಯಾರೋ ಹವ್ಯಾಸದವರು ನೋಡಿ ಕಂಡಕ್ಟರಣ್ಣನಿಗೆ ತಿಳಿಸಿದರು. ಅವರು ದೂರು ಕೊಟ್ಟರೆ, ನಿಮ್ಮದೇ ಮೊದಲು ಎನ್ನುವುದಕ್ಕೆ ತಾರೀಖು ಇರುವ ಗುರುತು ತೋರಿಸಿ ಎಂದು ಆ ಆನ್‌ಲೈನ್ ಅಂಗಡಿಯವರು ಕೇಳಿದರು. ಕೈಯಲ್ಲಿ ಬರೆದ ಹಾಳೆಗೆ ತಾರೀಖು ಎಲ್ಲಿಂದ ಬರಬೇಕು? ಮೆಟ್ಟಿಲ ಮೇಲೆ ಕುಳಿತು ನನ್ನೊಡನೆ ಅಂದರು: "ಮಾದರಿ ಯಾರಾದ್ರೂ ಕಟ್ಕಳ್ಳಿ ಕಣಕ್ಕ. ನಮ್ಮಪ್ಪನ ಆಲೆಮನೆ ಯಾವನೋ ತನ್ದು ಅಂತಾವ್ನಲ್ಲ, ಅದ್ನೆಂಗೆ ತಡ್ಕಳನ?"

ತಮ್ಮನ ಮಗನಿಗೆ ನಾನು ಕಳಿಸಿದ ಫೋಟೋಗಳ ತಾರೀಖು ನನ್ನ ಫೋನಿನಲ್ಲಿತ್ತು. ನಾನು ಸೆರಗಿನ ತುದಿ ತಿರುಚುತ್ತ ಕುಳಿತಿದ್ದೆ.

ತಮ್ಮನ ಮಗನಿಗೆ ಫೋನು ಮಾಡಿ, ತೆಗೆದುಬಿಡಪ್ಪ ಎಂದು ಬೇಡಿಕೊಂಡೆ. "ಅಯ್ಯೋ ಅತ್ತೆ, ನಾನೇನ್ ಕದ್ನಾ? ಕಳ್ಸಿದ್ದು ನೀವೇ ಅಲ್ವಾ?" ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ತವರಿನ ಮಾನ, ನನ್ನ ಮಾನ ಎಂದುಕೊಂಡು ಮತ್ತೂ ಕೆಲವು ದಿನ ಸುಮ್ಮನಿದ್ದೆ. ಅಷ್ಟು ದಿನವೂ ಮೇಲಿನಿಂದ ಇಟ್ಟಿಗೆಯ ಸದ್ದು ಬರಲಿಲ್ಲ. ಕೊನೆಗೆ ತಡೆಯಲಾರದೆ ಮೆಟ್ಟಿಲು ಹತ್ತಿ ನಾನು ಕಳಿಸಿದ್ದನ್ನು ತೆರೆದು ಫೋನನ್ನು ಅವರ ಮುಂದಿಟ್ಟೆ.

ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. "ನಿಮ್ ತಮ್ಮನ್ ಮಗನ ಹೆಸ್ರು ಕಾಣ್ದಂಗೆ ಮಾಡಿ ಅವ್ರಿಗೆ ಗುರ್ತು ಕಳ್ಸಾನ ಬುಡಿ" ಎಂದರು. ಅಷ್ಟೇ.

ಮಾರಾಟ ನಿಂತಿತು. ಆಲೆಮನೆ ಅವರ ಹೆಸರಿಗೆ ಬಂತು. ತಮ್ಮನ ಮಗ ನಮ್ಮ ಮನೆಗೆ ಬರುವುದನ್ನು ಬಿಟ್ಟ. ಅದು ಅಷ್ಟಾಗಿ ನೋಯಿಸಲಿಲ್ಲ. ನೋಯಿಸಿದ್ದು ಬೇರೆ. ಆಮೇಲೂ ಅವರು ಹೊಸ ಹಾಳೆಗಳನ್ನು ತರುತ್ತಿದ್ದರು, ನಾನು ಕಟ್ಟುವವರೆಗೆ ನಗಿಸುತ್ತ ಕುಳಿತಿರುತ್ತಿದ್ದರು. ಏಳುವಾಗ ಮಾತ್ರ ಹಾಳೆಗಳನ್ನು ಒಂದೂ ಬಿಡದೆ ಎತ್ತಿಕೊಂಡು ಹೋಗುತ್ತಿದ್ದರು.

ಹೋದ ಚಳಿಗಾಲದಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವರು ಮರಳಲಿಲ್ಲ.

ಮಕ್ಕಳೇ, ಆಲೆಮನೆಯ ಹಾಳೆಗಳನ್ನು ಫೋಟೋ ತೆಗೆದು ಕಳಿಸಜ್ಜಿ ಎಂದು ಕೇಳಿದಿರಿ. ನಾನು ಕಳಿಸುವುದಿಲ್ಲ. ಅವರ ಮಗಳನ್ನು ಕೇಳಿ, ಸಂತೋಷದಿಂದ ಕೊಡುತ್ತಾಳೆ. ಮೊದಲ ಹಾಳೆಯಲ್ಲಿ ಈಗ ಅವರ ಹೆಸರಿದೆ. ಅದರ ಕೆಳಗೆ, 'ಮೊದಲು ಕಟ್ಟಿ ನೋಡಿದವರು ಕೆಳಮನೆಯ ಅಕ್ಕ' ಎಂದಿದೆ. ಎಲ್ಲ ಆದ ಮೇಲೆ ನಾನೇ ಅವರನ್ನು ಆ ಸಾಲು ಹೊಡೆದುಹಾಕಿ ಎಂದು ಕೇಳಿಕೊಂಡಿದ್ದೆ.

"ಕಟ್ಟಿದ್ದು ನೀವೇ ಅಲ್ವಾ?" ಎಂದಿದ್ದರು. "ಇರ್ಲಿ ಬುಡಿ."