ಒಂದೇ ಸಲ ಔಟಾದ ಕ್ಯಾಪ್ಟನ್

ಮೊನ್ನೆ ಕಪಾಟಿನ ಮೂಲೆಯಲ್ಲಿ ಮರೆತುಹೋಗಿದ್ದ ತೆಂಗಿನೆಣ್ಣೆ ಬಾಟಲಿಯ ಬಿರಡೆ ತೆಗೆದೆ. ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರ ಜಮೀನ್ದಾರರು, ನಮ್ಮ ಕ್ಯಾಪ್ಟನ್ ಧನಿಗಳು ಎದುರು ಬಂದು ನಿಂತರು. ಸತ್ತು ಎಷ್ಟೋ ವರ್ಷವಾದರೂ ಆ ಮನುಷ್ಯನಿಗೆ ಕರೆ ಬೇಡ, ವಾಸನೆ ಸಾಕು.

ಉಪ್ಪಳದ ನಮ್ಮ ಕ್ರಿಕೆಟ್ ತಂಡದಲ್ಲಿ ಅಂಗಡಿಯಿಂದ ತಂದ ಬ್ಯಾಟು ಇದ್ದದ್ದು ಒಂದೇ, ಧನಿಗಳದ್ದು. ಬ್ಯಾಟಿಗೆ ಎಣ್ಣೆ ಹಚ್ಚಬೇಕೆಂದು ಮಂಗಳೂರಿನಲ್ಲಿ ಯಾರೋ ಹೇಳಿದ್ದರಂತೆ. ಯಾವ ಎಣ್ಣೆ ಎಂದು ಇವರು ಕೇಳಿರಲಿಲ್ಲ. ತಲೆಗೆ ಹಚ್ಚುವ ತೆಂಗಿನೆಣ್ಣೆಯನ್ನೇ ಕುಡಿಸಿ ಕುಡಿಸಿ ಅದನ್ನು ಒನಕೆಯಷ್ಟು ಭಾರ ಮಾಡಿದ್ದರು. ಬ್ಯಾಟು ಅವರದ್ದು, ನಾವು ಆಡುತ್ತಿದ್ದ ಕೊಯಿಲು ಮುಗಿದ ಗದ್ದೆ ಅವರದ್ದು, ಹಾಗಾಗಿ ಕ್ಯಾಪ್ಟನ್‌ಗಿರಿಯೂ ಅವರದ್ದೇ. ಆಟ...? ಅದೊಂದು ಬಿಟ್ಟು ಎಲ್ಲವೂ ಇತ್ತು.

ಹತ್ತು ಹದಿನೈದು ರನ್ ಆಗಿ, ವೇಗದ ಬೌಲರ್ ಬಂದನೆಂದರೆ ಧನಿಗಳ ಸೊಂಟ ಹಿಡಿಯುತ್ತಿತ್ತು. ನರಳುತ್ತ ಗೇರುಮರದ ನೆರಳಿಗೆ ನಡೆದುಬಿಡುತ್ತಿದ್ದರು. ಅಲ್ಲಿ ಒಂದು ಎಳನೀರು ಹೊಟ್ಟೆಗೆ ಬಿದ್ದರೆ ಸೊಂಟ ಸರಿ. ನಾನು ಶಾಲೆಯ ಲೆಕ್ಕದ ಮಾಷ್ಟ್ರು, ಸ್ಕೋರು ಬರೆಯುವವನೂ ನಾನೇ. ನೋವಾಗಿ ಹೊರಗೆ ಹೋದವನನ್ನು ನಾಟೌಟ್ ಎಂದೇ ಬರೆಯಬೇಕು. ಎಂಟು ಆಟ, ಎಂಟು ನಾಟೌಟ್! ನಾಚಿಕೆ ಎಂಬುದು ಆ ಗದ್ದೆಯ ಕಡೆ ಸುಳಿದದ್ದೇ ಇಲ್ಲ.

ಆ ವರ್ಷ ಮಂಗಳೂರಿನ ಒಂದು ಹೆಂಚಿನ ಕಾರ್ಖಾನೆಯವರು ತಮ್ಮ ತಂಡಕ್ಕೆ ಆಟಗಾರನನ್ನು ಹುಡುಕುತ್ತಿದ್ದರು. ನಮ್ಮ ಸರಾಸರಿ ಪಟ್ಟಿಯ ಮೊದಲ ಹೆಸರಿನವನಿಗೆ ಕಾಯಂ ಕೆಲಸ, ಆಡುವುದಕ್ಕೇ ಸಂಬಳ. ನನ್ನೊಡನೆ ಶಾಲೆ ಕಲಿತ ಗೆಳೆಯನೊಬ್ಬ ತಂಡದಲ್ಲಿದ್ದ, ಬೀಡಿ ಕಟ್ಟುತ್ತಿದ್ದ. ಬಡಗಿ ಕೆತ್ತಿಕೊಟ್ಟ ಹಲಸಿನ ಹಲಗೆ ಹಿಡಿದು ಅವನು ಆಟಕ್ಕೆ ನಲವತ್ತರಂತೆ ಹೊಡೆದು ಪಟ್ಟಿಯಲ್ಲಿ ಮೊದಲಿಗನಾಗಿದ್ದ. ಮನೆಯಲ್ಲಿ ಕೆಮ್ಮುವ ತಾಯಿ, ಇಬ್ಬರು ತಂಗಿಯರು. ಆ ಕೆಲಸವೊಂದು ಸಿಕ್ಕಿದ್ದರೆ ಆ ಮನೆ ನಿಲ್ಲುತ್ತಿತ್ತು.

ಕೊನೆಯ ಆಟಕ್ಕೆ ಮುಂಚೆ ಧನಿಗಳು ಪಟ್ಟಿ ನೋಡಲು ಬಂದರು.

"ಎಂತ ಮಾಷ್ಟ್ರೇ, ನನ್ನ ಹೆಸರೇ ಇಲ್ಲ?"

ನಾನು ಜಾಣತನ ತೋರಿಸಲು ಹೋದೆ. ಒಟ್ಟು ರನ್ನನ್ನು ಎಷ್ಟು ಸಲ ಔಟಾದರೋ ಅಷ್ಟರಿಂದ ಭಾಗಿಸಬೇಕು, ಸೊನ್ನೆಯಿಂದ ಭಾಗಿಸುವ ಕ್ರಮ ಲೋಕದಲ್ಲೇ ಇಲ್ಲ, ಒಂದು ಸಲವೂ ಔಟಾಗದವರಿಗೆ ಸರಾಸರಿಯೇ ಇಲ್ಲ ಎಂದು ಪಾಠ ಮಾಡಿದೆ. ಒಳಗೊಳಗೇ ನಗುತ್ತಿದ್ದೆ. ಒಂದು ಸಲ ಔಟಾದರೆ ಎಷ್ಟಾಗುತ್ತದೆ ಎಂದು ಕೇಳಿದರು. ಎಂಟು ಆಟದ ರನ್ ಕೂಡಿಸಿ ತೊಂಬತ್ತಾರು ಎಂದೆ. ಬಾಯಿ ತಪ್ಪಿ ಹೇಳಿದ್ದಲ್ಲ, ಲೆಕ್ಕ ಬಲ್ಲವನೆಂಬ ಹಮ್ಮಿನಿಂದ ಹೇಳಿದ್ದು.

"ಅಷ್ಟೆಯಾ? ಔಟಾಗುವ ಮಾರಾಯ್ರೇ" ಎಂದು ಎದ್ದು ಹೋದರು.

ಅದಾದರೂ ಬರುತ್ತಿತ್ತೇ? ಕೊನೆಯ ಆಟದಲ್ಲಿ ಬ್ಯಾಟು ಎತ್ತಿ ಸುಮ್ಮನೆ ನಿಂತರು. ಮೂರು ಚೆಂಡು ವಿಕೆಟಿನ ಪಕ್ಕದಿಂದ ಹೋದವು. ನಾಲ್ಕನೆಯದಕ್ಕೆ ತಾಳ್ಮೆ ತಪ್ಪಿ, ಆ ಒನಕೆಯಿಂದ ತಮ್ಮದೇ ವಿಕೆಟಿಗೆ ಬಡಿದರು. ಹಿಂಬಾಲಕರ ಚಪ್ಪಾಳೆ ಬೇರೆ.

ಪಟ್ಟಿಯ ಮೊದಲ ಹೆಸರು ಧನಿಗಳದ್ದಾಯಿತು. ಆದರೆ ಕಾರ್ಖಾನೆಗೆ ಅವರು ಹೋಗಲಿಲ್ಲ, ತಮ್ಮ ಬದಲಿಗೆ ಭಾವನನ್ನು ಕಳಿಸಿದರು. ಆ ಪುಣ್ಯಾತ್ಮನಿಗೆ ಬ್ಯಾಟಿನ ಹಿಂದುಮುಂದು ಗೊತ್ತಿರಲಿಲ್ಲ. ಕಾರ್ಖಾನೆಯವರು ಧನಿಗಳ ಮುಖ ನೋಡಿ ಇಟ್ಟುಕೊಂಡರು. ಪಟ್ಟಿಗೆ ಕಟ್ಟು ಹಾಕಿಸಿ ಧನಿಗಳು ಜಗಲಿಯಲ್ಲಿ ಹಿರಿಯರ ಪಟಗಳ ಸಾಲಿನಲ್ಲೇ ತೂಗಹಾಕಿದರು. ಅದರಲ್ಲಿದ್ದದ್ದು ನನ್ನ ಅಕ್ಷರ.

ಗೆಳೆಯ ಬೊಂಬಾಯಿಗೆ ಹೊರಟ, ಹೋಟೆಲಿನಲ್ಲಿ ಲೋಟ ತೊಳೆಯಲು. ರೈಲು ಬರುವ ಮುಂಚೆ ನನ್ನ ಕೈ ಹಿಡಿದುಕೊಂಡ.

"ನೀನೊಬ್ಬನಾದ್ರೂ ಲೆಕ್ಕ ಸರಿ ಬರೆದೆ ಮಾರಾಯ. ನನ್ನ ನಲ್ವತ್ತು ನಲ್ವತ್ತೇ ಉಂಟು."

ಧನಿಗಳಿಗೆ ಔಟಾಗಲು ಕಲಿಸಿದವನು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ... ಮುಂದಿನ ಮಳೆಗಾಲದಲ್ಲಿ ಅವನು ಅಲ್ಲೇ ಜ್ವರದಲ್ಲಿ ತೀರಿಕೊಂಡನೆಂದು ಸುದ್ದಿ ಬಂತು.

ಮೊನ್ನೆ ಆ ಎಣ್ಣೆಯನ್ನು ಹಿತ್ತಿಲಿಗೆ ಚೆಲ್ಲಿ ಬಂದೆ. ಧನಿಗಳನ್ನು ಇಷ್ಟು ವರ್ಷ ಬಾಯ್ತುಂಬ ಬೈದಿದ್ದೇನೆ, ಇನ್ನೂ ಬೈಯುತ್ತೇನೆ, ಅದಕ್ಕೆ ಅವರು ಯೋಗ್ಯರೇ. ಆದರೆ ಅಂದು ತೊಂಬತ್ತಾರು ಎಂದದ್ದೂ ಇದೇ ಬಾಯಿ.