ಹೆಡ್‌ಮಾಸ್ಟರರ ಹುಬ್ಬಿನ ಮೇಲೆ ನನ್ನ ನಾದಿನಿ

ನನ್ನ ಹೆಂಡತಿಯ ತಂಗಿ ಊರಿನ ಅರ್ಧ ಜನರ ರಕ್ತ ಕಂಡವಳು. ಗಾಬರಿಯಾಗಬೇಕಿಲ್ಲ, ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಾಳೆ. ಜನ ಅವಳನ್ನು ‘ಸೂಜಿ ಮೇಡಂ’ ಎನ್ನುತ್ತಾರೆ, ಎದುರಿಗಲ್ಲ. ಲ್ಯಾಬೆಂದರೆ ಮೆಟ್ಟಿಲ ಕೆಳಗಿನ ಒಂದು ಪುಟ್ಟ ಕೋಣೆ. ಅಗಲವಾದ ಕೈಯಿರುವ ಒಂದು ಕುರ್ಚಿ, ಬಣ್ಣಬಣ್ಣದ ಮುಚ್ಚಳದ ಕೊಳವೆಗಳು, ಹತ್ತಿಯ ಡಬ್ಬಿ, ತೋಳಿಗೆ ಬಿಗಿಯುವ ರಬ್ಬರ್ ಪಟ್ಟಿ. ಕುರ್ಚಿಯಲ್ಲಿ ಕೂತವರು ನೋಡಲೆಂದು ಎದುರು ಗೋಡೆಗೆ ಒಂದು ಜಲಪಾತದ ಚಿತ್ರ ಅಂಟಿಸಿದ್ದಾರೆ. ಅದನ್ನು ಇದುವರೆಗೆ ಯಾರೂ ನೋಡಿದಂತಿಲ್ಲ. ಎಲ್ಲರೂ ಸೂಜಿಯನ್ನೇ ನೋಡುತ್ತಾರೆ.

ಆ ಕುರ್ಚಿಯಲ್ಲಿ ಭಾರಿ ಭಾರಿ ಮೀಸೆಗಳು ಬೆವೆತಿವೆ. ಅವುಗಳಲ್ಲಿ ಒಂದು ನನ್ನದು. ಆದರೆ ನಾದಿನಿ ಯಾರಿಗೂ ‘ಹೆದರಬೇಡಿ’ ಎನ್ನುವುದಿಲ್ಲ. ಹಾಗೆಂದರೆ ಹೆದರದಿದ್ದವರಿಗೂ ‘ಓಹೋ, ಹೆದರುವಂಥದ್ದೇನೋ ಇದೆ’ ಎಂದು ಹೊಳೆದುಬಿಡುತ್ತದಂತೆ. ಅವಳ ದಾರಿಯೇ ಬೇರೆ. ಒಮ್ಮೆ ನಾನು ಅಲ್ಲೇ ಬಾಗಿಲ ಬಳಿ ನಿಂತಿದ್ದಾಗ ಬಾಗಿಲು ತುಂಬುವಂಥ ಒಬ್ಬ ಲಾರಿ ಡ್ರೈವರ್ ಬಂದು ಕೂತ. ಮುಖ ಸುಣ್ಣದ ಗೋಡೆಯಾಗಿತ್ತು. ನಾದಿನಿ ಪಟ್ಟಿ ಬಿಗಿಯುತ್ತಾ ಕೇಳಿದಳು:

“ನಿಮ್ಮ ಎದುರು ಮನೆಯವರು ಗಾಡಿ ಎಲ್ಲಿ ನಿಲ್ಲಿಸ್ತಾರೆ?”

“ಅಯ್ಯೋ, ಅದನ್ನ ಯಾಕೆ ಕೇಳ್ತೀರಿ ಮೇಡಂ! ಇಡೀ ಬೀದಿ ಖಾಲಿ ಇದ್ರೂ ಆ ಮಹಾಶಯನಿಗೆ ನಮ್ಮ ಗೇಟೇ ಆಗಬೇಕು. ಮೊನ್ನೆ ನಾನು ಕೇಳೇಬಿಟ್ಟೆ...”

ಅವನ ಕಥೆ ಗೇಟಿನಿಂದ ಪೊಲೀಸ್ ಠಾಣೆಯವರೆಗೆ ಹೋಗುವಷ್ಟರಲ್ಲಿ ಇವಳು ಹತ್ತಿ ಒತ್ತಿ, “ಆಯ್ತು, ಕೈ ಮಡಚಿಕೊಳ್ಳಿ” ಅಂದಳು. ಅವನಿಗೆ ಬೇಜಾರಾಯಿತು. “ಇರಿ ಮೇಡಂ, ಇನ್ನೂ ಮುಖ್ಯವಾದದ್ದು ಬಂದೇ ಇಲ್ಲ!”

ಹೀಗೆ ಊರಿಗೆಲ್ಲ ಧೈರ್ಯ ಹಂಚುವವಳ ಪಾಲಿಗೆ ಭಾನುವಾರ ಒಂದು ಚಮಚ ಧೈರ್ಯವೂ ಉಳಿಯುತ್ತಿರಲಿಲ್ಲ. ಭಾನುವಾರ ಅವಳು ಬಂಡೆ ಹತ್ತುತ್ತಾಳೆ.

ಈ ಚಟ ಹತ್ತಿದ್ದು ನಲವತ್ತು ದಾಟಿದ ಮೇಲೆ. ಊರಿನ ಕ್ರೀಡಾ ಭವನದಲ್ಲಿ ಆರೋಗ್ಯ ತಪಾಸಣೆಗೆ ರಕ್ತ ತೆಗೆಯಲು ಹೋಗಿದ್ದಳು. ಮಧ್ಯಾಹ್ನ ಯಾರೂ ಬರಲಿಲ್ಲ. ಅಲ್ಲಿ ಹತ್ತಲೆಂದು ಕಟ್ಟಿದ ಒಂದು ಗೋಡೆ, ಅದಕ್ಕೆ ಹಿಡಿಯಲು ಬಣ್ಣಬಣ್ಣದ ಗುಬುಟುಗಳು. ಸುಮ್ಮನೆ ಕೂರಲಾಗದೆ ಬಿಳಿ ಕೋಟು ತೊಟ್ಟುಕೊಂಡೇ ಹಗ್ಗ ಕಟ್ಟಿಸಿಕೊಂಡು ಹತ್ತಿದಳು. ಕೋಟು ಬಿಚ್ಚಿ ಎಂದು ಅಲ್ಲಿನ ಕೋಚ್ ಹೇಳುವಷ್ಟರಲ್ಲಿ ಇವಳು ಛಾವಣಿ ಮುಟ್ಟಿ, ಅಲ್ಲಿಂದಲೇ, “ಇಷ್ಟೇನಾ?” ಎಂದು ಕೇಳಿದ್ದಳಂತೆ. ಕೋಚ್ ಆ ಪ್ರಶ್ನೆಯನ್ನು ಮರೆಯಲಿಲ್ಲ. ಮುಂದೆ ಅವಳನ್ನು ಊರಾಚೆಯ ನಿಜವಾದ ಬಂಡೆಗಳಿಗೆ ಕರೆದೊಯ್ದ.

ಬಂಡೆ ಹತ್ತುವವಳಿಗೆ ಕೆಳಗೆ ಹಗ್ಗ ಹಿಡಿಯುವವನೊಬ್ಬ ಬೇಕು. ಮೇಲಿನವಳು ಜಾರಿದರೆ ಕೆಳಗಿನವನು ಗಾಳಿಪಟದಂತೆ ಮೇಲೇಳಬಾರದು. ನನ್ನ ಷಡ್ಡಕ, ಅಂದರೆ ಅವಳ ಗಂಡ, ಬೆಂಕಿಕಡ್ಡಿಯಂಥ ಮನುಷ್ಯ. ಅವನು ಲೆಕ್ಕಕ್ಕಿಲ್ಲ. ಕುಟುಂಬದಲ್ಲಿ ಭೂಮಿಗೆ ಗಟ್ಟಿಯಾಗಿ ಅಂಟಿಕೊಂಡವರು ಯಾರೆಂದು ಹುಡುಕಿದಾಗ ಎಲ್ಲರೂ ನನ್ನ ಹೊಟ್ಟೆಯ ಕಡೆ ನೋಡಿದರು.

“ಅಂತೂ ನಿಮ್ಮ ಮೈಗೆ ಒಂದು ಉಪಯೋಗ ಸಿಕ್ತು,” ಅಂದಳು ನನ್ನ ಹೆಂಡತಿ.

ಕೋಚ್ ತಿಂಗಳುಗಟ್ಟಲೆ ಕಲಿಸಿ, ಪರೀಕ್ಷೆ ಮಾಡಿ, ನನ್ನನ್ನು ಹಗ್ಗದ ಕೆಲಸಕ್ಕೆ ಪಾಸು ಮಾಡಿದ. ಜೀವನದಲ್ಲಿ ನಾನು ಮೊದಲ ಸಲಕ್ಕೇ ಪಾಸಾದ ಪರೀಕ್ಷೆ ಅದೊಂದೇ.

ಆ ಬಂಡೆಗಳ ಸಾಲಿನಲ್ಲಿ ‘ಹೆಡ್‌ಮಾಸ್ಟರ್’ ಎಂಬ ಒಂದು ಬಂಡೆ ಇದೆ. ಉದ್ದಕ್ಕೆ ನೆಟ್ಟಗೆ ನಿಂತು, ಮೇಲ್ಗಡೆ ಹುಬ್ಬು ಗಂಟಿಕ್ಕಿಕೊಂಡ ಹಾಗೆ ಮುಂದಕ್ಕೆ ಚಾಚಿದೆ. ಅದರ ಕೆಳಗೆ ನಿಂತರೆ ಏನೂ ತಪ್ಪು ಮಾಡದವನಿಗೂ ‘ಸಾರ್, ನಾನಲ್ಲ ಸಾರ್’ ಅನ್ನಬೇಕೆನಿಸುತ್ತದೆ. ಕೋಚ್ ನಡೆಸುವ ಬಂಡೆ ಹತ್ತುವವರ ಕ್ಲಬ್ಬಿನ ಹಲವರು ಹುಬ್ಬಿನ ತನಕ ಹೋಗಿ, ಹಗ್ಗಕ್ಕೆ ಜೋತುಬಿದ್ದು, ಸುಧಾರಿಸಿಕೊಂಡು ಮೇಲೆ ಹೋಗಿದ್ದುಂಟು. ಅದು ಲೆಕ್ಕಕ್ಕೆ ಬರುವುದಿಲ್ಲ. ಹಗ್ಗಕ್ಕೆ ಮೈ ಕೊಡದೆ ಕೆಳಗಿನಿಂದ ಒಂದೇ ಉಸಿರಿಗೆ ಮೇಲಿನವರೆಗೆ ಹತ್ತಿದರೆ ಮಾತ್ರ ಅದು ನಿಮ್ಮದು. ನಾದಿನಿಗೆ ಆ ಬಂಡೆ ಬೇಕಿತ್ತು. ಬೇರೆ ಹೆಂಗಸರು ಸೀರೆ ಅಂಗಡಿಯ ಗಾಜಿನೊಳಗಿನ ಸೀರೆ ನೋಡುವ ಹಾಗೆ ಅವಳು ಅದನ್ನು ನೋಡುತ್ತಿದ್ದಳು.

ಅವಳ ಬೆರಳಿಗೆ ಬಲ ಸಾಲದೆ ಇರಲಿಲ್ಲ. ಬಿಡಿಬಿಡಿಯಾಗಿ ಹತ್ತುವಾಗ ಹುಬ್ಬಿನ ಒಂದೊಂದು ಹಿಡಿತವೂ ಅವಳಿಗೆ ಬಾಯಿಪಾಠ. ಕಷ್ಟವೆಲ್ಲ ಹತ್ತುವ ಮೊದಲಿನ ಹತ್ತು ನಿಮಿಷದ್ದು. ಸೀಮೆಸುಣ್ಣದ ಪುಡಿ ಹಚ್ಚಿದ ಅಂಗೈ ಮತ್ತೆ ಬೆವರಿ ಮೆತ್ತಗಾಗುತ್ತಿತ್ತು. ಶೂ ಬಿಚ್ಚುವಳು, ಕಟ್ಟುವಳು. ಆಕಳಿಸುವಳು. ಪೊದೆಯ ಹಿಂದೆ ಹೋಗಿ ಬರುವಳು, ಬಂದವಳು ಮತ್ತೆ ಹೋಗುವಳು. ಕೊನೆಗೆ ಹತ್ತಲು ಶುರುಮಾಡಿದರೆ ಅರ್ಧ ದಾರಿಯಲ್ಲೇ ಎಡಗಾಲು ಹೊಲಿಗೆ ಯಂತ್ರದ ಹಾಗೆ ತಟತಟ ಕುಣಿಯಲು ತೊಡಗುತ್ತಿತ್ತು. ಹುಬ್ಬು ತಲುಪುವಷ್ಟರಲ್ಲಿ, “ಭಾವಾ, ಹಗ್ಗ ಬಿಗಿ!” ಎಂಬ ಕೂಗು. ಮುಗಿಯಿತು.

ಕೋಚ್ ಎಲ್ಲ ಉಪಾಯವನ್ನೂ ಹೇಳಿಕೊಟ್ಟ. ಉಸಿರು ಎಣಿಸಿ ಎಂದ. ಎಣಿಸುತ್ತಾ ಎಲ್ಲಿ ತಪ್ಪಿತೋ ಎಂದು ಅವಳಿಗೆ ಇನ್ನಷ್ಟು ದಿಗಿಲು. ಕಣ್ಮುಚ್ಚಿ ಬಂಡೆಯ ತುದಿಯಲ್ಲಿ ನಿಂತ ಹಾಗೆ ಕಲ್ಪಿಸಿಕೊಳ್ಳಿ ಎಂದ. ಕಲ್ಪಿಸಿಕೊಂಡಳು, ಕಲ್ಪನೆಯಲ್ಲಿಯೂ ಬಿದ್ದಳು. “ನಿಮ್ಮ ರೋಗಿಗಳಿಗೆ ಮಾಡ್ತೀರಲ್ಲ, ಅದನ್ನೇ ನಿಮಗೂ ಮಾಡ್ಕೊಳ್ಳಿ ಮೇಡಂ,” ಎಂದೂ ನೋಡಿದ.

“ಅದು ಆಗಲ್ಲ ಕೋಚ್. ಪ್ರಶ್ನೆ ಯಾಕೆ ಕೇಳ್ತಿದ್ದಾರೆ ಅಂತ ಗೊತ್ತಿದ್ರೆ ಯಾರು ಉತ್ತರ ಕೊಡ್ತಾರೆ?”

ಕ್ಲಬ್ಬಿನಲ್ಲಿ ಇನ್ನೊಂದು ಪದ್ಧತಿ. ಯಾರಾದರೂ ಗಟ್ಟಿ ಪ್ರಯತ್ನಕ್ಕೆ ಇಳಿದರೆ ಉಳಿದವರೆಲ್ಲ ಗೌರವದಿಂದ ಮಾತು ನಿಲ್ಲಿಸಿ ನೋಡುತ್ತಾರೆ. ಒಳ್ಳೆಯ ಮನಸ್ಸಿನಿಂದ ಮಾಡುವುದೇ. ಆದರೆ ಆ ಮೌನದಲ್ಲಿ ನಿಂತವಳು ಪರೀಕ್ಷೆಯ ಕೊಠಡಿಗೆ ತಡವಾಗಿ ಬಂದ ಹುಡುಗಿಯಂತೆ ಕಾಣುತ್ತಿದ್ದಳು.

ಆ ವರ್ಷದ ಕೊನೆಯ ಭಾನುವಾರ ಬಂತು. ಕೊನೆಯದು ಎಂದರೆ ನಮಗೆ; ಹೆಡ್‌ಮಾಸ್ಟರರ ಪಕ್ಕದ ಬಿರುಕಿನಲ್ಲಿ ಒಂದು ಜೋಡಿ ಹದ್ದು ಗೂಡಿಗೆ ಕಡ್ಡಿ ಕೂಡಿಸಲು ಶುರುಮಾಡಿದ್ದವು. ಮಾರನೆಯ ದಿನದಿಂದ ಮರಿ ಹಾರಿಹೋಗುವ ತನಕ ಆ ಬಂಡೆಯ ಕಡೆ ಯಾರೂ ಸುಳಿಯಬಾರದೆಂದು ಕ್ಲಬ್ಬಿನ ಕಟ್ಟುನಿಟ್ಟು. ಅಷ್ಟು ತಿಂಗಳು ಬಿಟ್ಟರೆ ಬೆರಳಿನ ಗಟ್ಟಿತನ ಕರಗಿ, ಎಲ್ಲವನ್ನೂ ಅಆಇಈಯಿಂದ ಕಲಿಯಬೇಕು.

“ಇವತ್ತು ಆಗಲಿಲ್ಲ ಅಂದ್ರೆ ಬಿಟ್ಟುಬಿಡ್ತೀನಿ ಭಾವ,” ಅಂದಳು ಕಾರಿನಲ್ಲಿ. “ಈ ವಯಸ್ಸಿಗೆ ಮತ್ತೆ ಮೊದಲಿಂದ ಶುರು ಮಾಡೋ ಶಕ್ತಿ ನನಗಿಲ್ಲ.”

“ಬಿಟ್ರೇನಂತೆ? ಭಾನುವಾರ ಮಧ್ಯಾಹ್ನ ನಿದ್ದೆ ಅಂತ ಒಂದು ಕ್ರೀಡೆ ಇದೆ. ನಾನೇ ಕಲಿಸ್ತೀನಿ,” ಅಂದೆ. ಅವಳು ನಗಲಿಲ್ಲ. ಅವಳು ನನ್ನ ಜೋಕಿಗೆ ನಗದಿರುವುದು ಮಾಮೂಲು. ಆದರೆ ಬೈಯಲೂ ಇಲ್ಲ, ಅದಕ್ಕೇ ನನಗೆ ದಿಗಿಲಾಯಿತು. ಎರಡು ವರ್ಷದಿಂದ ಅವಳು ಹಚ್ಚಿಕೊಂಡ ಒಂದೇ ಆಸೆ. ಅದು ಬಿದ್ದುಹೋಗುವುದನ್ನು ಹಗ್ಗ ಹಿಡಿದುಕೊಂಡು ಕೆಳಗಿನಿಂದ ನೋಡಬೇಕಾದವನು ನಾನು.

ಬಂಡೆಯ ಬುಡಕ್ಕೆ ಹೋದಾಗ ಎಂದಿನಂತೆ ಶೂ ಬಿಚ್ಚುವುದು, ಕಟ್ಟುವುದು. ಪೊದೆ. ಆಕಳಿಕೆ. ಸುತ್ತ ಕ್ಲಬ್ಬಿನವರ ಗೌರವದ ಮೌನ. ಅವಳನ್ನು ನೋಡಿ ನೋಡಿ ನನ್ನ ಅಂಗೈಯೂ ಒದ್ದೆಯಾಯಿತು.

ಹತ್ತುವ ಮುನ್ನ ಒಬ್ಬರನ್ನೊಬ್ಬರು ಪರೀಕ್ಷಿಸುವ ನಿಯಮವಿದೆ. ಅವಳ ಸೊಂಟದ ಗಂಟನ್ನು ನಾನು ನೋಡಬೇಕು, ನನ್ನ ಹಗ್ಗವನ್ನು ಅವಳು. ನನ್ನ ಸೊಂಟದ ಪಟ್ಟಿಗೆ ಒಂದು ಲೋಹದ ಹಿಡಿಕೆ ಇರುತ್ತದೆ. ಅದರೊಳಗೆ ಹಗ್ಗ ತೂರಿಸಿದ್ದರೆ ಮೇಲಿನವರು ಬಿದ್ದಾಗ ಅದು ಗಪ್ಪನೆ ಕಚ್ಚಿ ಹಿಡಿಯುತ್ತದೆ. ನಾನು ಅವಳ ಗಂಟು ನೋಡಿ ತಲೆಯಾಡಿಸಿದೆ. ಅವಳು ನನ್ನ ಹಗ್ಗವನ್ನು ಒಮ್ಮೆ ಜಗ್ಗಿದಳು. ಅದು ಬೆಣ್ಣೆಯಲ್ಲಿ ಎಳೆದ ಹಾಗೆ ಸರಸರ ಹರಿದುಬಂತು.

“ಭಾವ, ಇದು ಉಲ್ಟಾ.”

ನೋಡಿದರೆ ಹೌದು. ಹಗ್ಗವನ್ನು ತಿರುಗಾಮುರುಗಾ ತೂರಿಸಿದ್ದೆ. ಅವಳು ಜಗ್ಗಿ ನೋಡದೆ ಹತ್ತಿ, ಹುಬ್ಬಿನಲ್ಲಿ ಜಾರಿದ್ದರೆ? ನನಗೆ ಆ ‘ರೆ’ಯನ್ನು ತಡೆದುಕೊಳ್ಳಲಾಗಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತೆ. ಕಿವಿಯಲ್ಲಿ ಗುಂಯ್ ಎನ್ನತೊಡಗಿತು.

ಕೋಚ್ ಓಡಿಬಂದ. “ಮೇಡಂ, ಇವತ್ತು ಬೇಡ. ಇಲ್ಲಾಂದ್ರೆ ಹಗ್ಗ ನಾನು ಹಿಡೀತೀನಿ.”

“ನೀವು ಸ್ವಲ್ಪ ಆ ಕಡೆ ಹೋಗಿ ಕೋಚ್. ಅವರಿಗೆ ಗಾಳಿ ಬರಲಿ.”

ಆ ದನಿ ಬೇರೆಯಾಗಿತ್ತು. ಮೆಟ್ಟಿಲ ಕೆಳಗಿನ ಕೋಣೆಯ ದನಿ. ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ನಾಡಿ ಹಿಡಿದು, ನೀರು ಕುಡಿಸಿ, ಹಿಡಿಕೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. “ನೀವೇ ಹಾಕಿ. ನಾನು ನೋಡ್ತೀನಿ.” ಹಾಕಿದೆ. ಜಗ್ಗಿದಳು. ಗಪ್ಪನೆ ಕಚ್ಚಿತು. ದೂರ ನಿಂತಿದ್ದ ಕೋಚ್ ಬಂದು ಇನ್ನೊಮ್ಮೆ ಜಗ್ಗಿ ನೋಡಿ, ಒಪ್ಪಿ, ನನ್ನ ಬೆನ್ನ ಹಿಂದೆ ಹಗ್ಗದ ಬಾಲ ಹಿಡಿದು ನಿಂತ.

“ಅಂದ ಹಾಗೆ ಭಾವ, ನಿಮ್ಮ ಎದುರು ಮನೆಯವರು ಗಾಡಿ ಈಗ ಎಲ್ಲಿ ನಿಲ್ಲಿಸ್ತಾರೆ?”

ಓದುಗರೇ, ನನಗೆ ಈ ಪ್ರಶ್ನೆ ಗೊತ್ತಿತ್ತು. ಲಾರಿ ಡ್ರೈವರ್ ಇದೇ ಗಾಳಕ್ಕೆ ಬಿದ್ದಾಗ ಮನಸ್ಸಿನಲ್ಲೇ ನಕ್ಕವನು ನಾನು. ಆದರೆ ನಮ್ಮ ಎದುರು ಮನೆಯವರ ಬಗ್ಗೆ ನಿಮಗೆ ಗೊತ್ತಿಲ್ಲ.

“ಎಲ್ಲಿ ನಿಲ್ಲಿಸ್ತಾರಾ? ಎರಡು ಗಾಡಿ ಮಾಡ್ಕೊಂಡಿದ್ದಾರೆ ಈಗ! ಒಂದು ನಮ್ಮ ಗೇಟಿಗೆ, ಇನ್ನೊಂದು ನಮ್ಮ ಗೇಟು ಮುಗಿದ ತಕ್ಷಣ...”

“ಅಯ್ಯೋ ಪಾಪ. ಕೇಳಲಿಲ್ವಾ ನೀವು?” ಅವಳು ಎದ್ದು ಅಂಗೈಗೆ ಪುಡಿ ಹಚ್ಚಿಕೊಳ್ಳುತ್ತಿದ್ದಳು.

“ಕೇಳದೆ ಬಿಡ್ತೀನಾ? ಸಾರ್, ಇದು ಗೇಟು, ಗೋಡೆ ಅಲ್ಲ ಅಂದೆ.”

“ಆಮೇಲೆ?” ಈ ಮಾತು ಮೇಲಿನಿಂದ ಬಂತು. ಆಗಲೇ ಅವಳು ನನ್ನ ತಲೆಗಿಂತ ಮೇಲಿದ್ದಳು. ನನ್ನ ಕೈ ತಾನಾಗಿ ಹಗ್ಗ ಬಿಡುತ್ತಿತ್ತು, ಬಾಯಿ ತಾನಾಗಿ ಆಡುತ್ತಿತ್ತು.

“ಆಮೇಲೆ ಏನು? ನೀವು ಹೊರಗಡೆ ಹೋಗೋದೇ ಕಡಿಮೆ ಅಲ್ವಾ ಅಂದ್ರು!”

ಕ್ಲಬ್ಬಿನ ಯಾರೋ ಕಿಸಕ್ಕೆಂದರು. ಕೋಚ್ ತಾಳಲಾರದೆ, “ಶ್! ಸಾರ್, ಸೈಲೆನ್ಸ್!” ಎಂದ.

“ಕೋಚ್, ಅವರನ್ನ ಮಾತಾಡೋಕೆ ಬಿಡಿ!” ಎಂದಳು ಮೇಲಿನವಳು, ಬಂಡೆಗೆ ಹೊಡೆದ ಬೋಲ್ಟಿಗೆ ಹಗ್ಗ ಸಿಕ್ಕಿಸುತ್ತಾ. “ಹಾಗಂದ್ರಾ ಭಾವ? ಅಕ್ಕ ಸುಮ್ಮನಿದ್ಲಾ?”

“ನಿಮ್ಮಕ್ಕ? ಅವರ ಮನೆಗೆ ಹೋಗಿ ಕಾಫಿ ಕುಡಿದು ಬಂದಳು! ಒಳ್ಳೆ ಜನ ಕಣ್ರೀ ಅಂದಳು ನನಗೇ!”

ಎಡಗಾಲು ಕುಣಿಯುವ ಜಾಗ ಬಂತು. ಕುಣಿಯಲಿಲ್ಲ. ನಾನು ಹೆಂಡತಿಯ ದ್ರೋಹವನ್ನು ವಿವರವಾಗಿ ಹೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ‘ಆಮೇಲೆ’ ಬರುವುದು ನಿಂತುಹೋಯಿತು. ತಲೆಯೆತ್ತಿ ನೋಡಿದರೆ ಅವಳು ಹುಬ್ಬಿನ ಕೆಳಗಿದ್ದಳು. ನಾನು ಬಾಯಿ ಮುಚ್ಚಿದೆ. ಇದು ನಮ್ಮ ಕ್ಲಬ್ಬಿನ ಮೌನವಲ್ಲ. ಅವಳೇ ಮಾಡಿಕೊಂಡ ಮೌನ. ಅವಳು ಒಂದು ಕೈ ಇಳಿಬಿಟ್ಟು ಕೊಡವಿ, ಪುಡಿ ಹಚ್ಚಿ, ಇನ್ನೊಂದು ಕೈ ಕೊಡವಿ, ಬಸ್ಸಿಗೆ ಕಾಯುವವಳಂತೆ ನಿಂತಿದ್ದಳು.

ನಂತರ ಹೊರಟಳು. ಬಲಗೈ ಹುಬ್ಬಿನ ಅಂಚಿಗೆ. ಎಡಗೈ ಅದರ ಆಚೆಗೆ. ಕಾಲು ಮೇಲೆತ್ತಿದಳು, ಅಷ್ಟರಲ್ಲಿ ಎರಡೂ ಕಾಲು ಕಲ್ಲು ಬಿಟ್ಟು ಗಾಳಿಗೆ ಬಂದವು. ಕೆಳಗೆ ನಾವೆಲ್ಲ ಒಟ್ಟಿಗೆ ಉಸಿರೆಳೆದೆವು. ಅವಳು ಎರಡು ಕೈಯಲ್ಲಿ ಬಟ್ಟೆ ಒಣಗಿಹಾಕಿದ ಹಾಗೆ ತೂಗುತ್ತಿದ್ದಳು. ‘ಹಗ್ಗ ಬಿಗಿ’ ಎಂಬ ಕೂಗಿಗೆ ನಾನು ಕಾದೆ.

ಬಂದದ್ದು ಬೇರೆ ಮಾತು. ಮೆಲ್ಲಗೆ, ಯಾರಿಗೋ ಸಮಾಧಾನ ಹೇಳುವ ಹಾಗೆ: “ಆಯ್ತು, ಆಯ್ತು, ಒಂದೇ ನಿಮಿಷ, ಮುಗಿದೇ ಹೋಯ್ತು.”

ತೂಗಾಟ ನಿಲ್ಲುವ ತನಕ ಕಾದಳು. ಹೊಟ್ಟೆ ಬಿಗಿಹಿಡಿದು ಹಿಮ್ಮಡಿಯನ್ನು ಅಂಚಿಗೆ ಸಿಕ್ಕಿಸಿದಳು. ನಡುಗದೆ, ಅವಸರವಿಲ್ಲದೆ, ದಪ್ಪ ತೋಳಿನಲ್ಲಿ ನರ ಹುಡುಕುವ ಹಾಗೆ ಬೆರಳಾಡಿಸಿ ಮೇಲಿನ ಹಿಡಿತವನ್ನು ಹುಡುಕಿದಳು. ಸಿಕ್ಕಿತು. ಮೈ ಮೇಲೆದ್ದಿತು. ಮೊಣಕಾಲು ಕಂಡಿತು, ಬೆನ್ನು ಕಂಡಿತು, ಶೂವಿನ ಅಡಿ ಕಂಡಿತು, ಆಮೇಲೆ ಏನೂ ಕಾಣಲಿಲ್ಲ.

ಕ್ಲಬ್ಬಿನ ಗೌರವದ ಮೌನ ಚೂರುಚೂರಾಯಿತು. ಕೋಚ್ ನನ್ನನ್ನು ತಬ್ಬಿಕೊಳ್ಳಲು ಬಂದು, ಪೂರ್ತಿ ತಬ್ಬಲಾಗದೆ, ಸಿಕ್ಕಷ್ಟನ್ನೇ ತಬ್ಬಿದ. ನಾನು ಅಳುತ್ತಿದ್ದೆ ಎಂದು ಕೆಲವರು ಹೇಳುತ್ತಾರೆ. ಸೀಮೆಸುಣ್ಣದ ಪುಡಿ ಕಣ್ಣಿಗೆ ಬಿದ್ದಿತ್ತು ಎಂಬುದು ನನ್ನ ಹೇಳಿಕೆ. ಅವಳು ಇದ್ದದ್ದು ಅಷ್ಟು ಮೇಲೆ, ಪುಡಿ ಹೇಗೆ ಬಿತ್ತು ಎಂದು ಕೇಳುವವರಿಗೆ ಕೆಲಸವಿಲ್ಲ.

ಹುಬ್ಬಿನ ಮೇಲಿಂದ ಒಂದು ತಲೆ ಇಣುಕಿತು. ಕೂದಲೆಲ್ಲ ಕೆದರಿ, ಕಿವಿಯಿಂದ ಕಿವಿಗೆ ನಗು. ರಕ್ತ ತೆಗೆಯುವ ಕೋಣೆಯಲ್ಲಾಗಲೀ ನಮ್ಮ ಮನೆಯಲ್ಲಾಗಲೀ ನಾನು ಆ ಮುಖ ಕಂಡಿರಲಿಲ್ಲ.

“ಭಾವಾ! ಇಲ್ಲಿಂದ ಎಲ್ಲಾ ಕಾಣುತ್ತೆ!”

“ಸರಿ, ಇಳಿಸ್ತೀನಿ, ಬಾ. ಹದ್ದಿಗೆ ಮನೆ ಬಿಟ್ಟುಕೊಡಬೇಕು!”

“ಇರಿ ಭಾವ, ಎರಡು ವರ್ಷ ಆಯ್ತು ಇಲ್ಲಿಗೆ ಬರೋಕೆ. ಸ್ವಲ್ಪ ಕೂತ್ಕೊಂಡು ಬರ್ತೀನಿ.”

ತಲೆ ಒಳಗೆ ಹೋಯಿತು. ನಾವೆಲ್ಲ ಕತ್ತೆತ್ತಿಕೊಂಡು ಕೆಳಗೆ ನಿಂತೆವು. ಕತ್ತು ನೋಯಲು ಶುರುವಾಯಿತು. ಕೋಚ್ ಒಮ್ಮೆ ಕರೆಯಲೇ ಎಂಬಂತೆ ನನ್ನ ಮುಖ ನೋಡಿದ. ಬೇಡವೆಂದು ಕೈ ತೋರಿಸಿ, ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಿಂತೆ.