ಮೆಟ್ಟಿಲುಗದ್ದೆಯಿಂದ ಬಿದ್ದ ಚಿಕ್ಕಮುನಿಯಮ್ಮ

ಟಿಪ್ಪರ್ ಲಾರಿಯ ಹಿಂಬಾಗಿಲು ಧಡಾರನೆ ಬಡಿಯಿತು. ಆಮೇಲೆ ಮಣ್ಣು ಜಾರುವ ಸದ್ದು, ಬಹಳ ಹೊತ್ತು. ಒಲೆಯ ಮುಂದಿದ್ದ ಚಿಕ್ಕಮುನಿಯಮ್ಮ ಮುದ್ದೆ ಕೋಲನ್ನು ಹಾಗೇ ಹಿಡಿದುಕೊಂಡು ಆಲಿಸಿದಳು. ಸದ್ದು ಬಂದದ್ದು ಕೆರೆಯ ಕೆಳಗಿನಿಂದ. ಈರಪ್ಪನ ಗದ್ದೆಗೆ ಮಣ್ಣು ತುಂಬುತ್ತಿದ್ದಾರೆ. ಅದು ಮುಗಿದರೆ ಪಕ್ಕದ್ದು ಇವರದೇ.

"ಸಾಯಂಕಾಲ ನಮ್ದುಕ್ಕೂ ಸುರೀತಾರೆ. ಲಾರಿಯೋನು ಮಾತು ಕೊಟ್ಟವ್ನೆ" ಎಂದ ಗಂಡ ಸೊಣ್ಣಪ್ಪ, ಮುದ್ದೆ ಮುರಿಯುತ್ತ.

"ಊಂ" ಎಂದಳು.

ಒಂದು ಕಾಲಕ್ಕೆ ತೋಗೂರಿನ ಅವರ ಕೇರಿಯಲ್ಲಿ ಎಲ್ಲರಿಗೂ ಕೆರೆಯ ಕೆಳಗೆ ಒಂದಿಷ್ಟು ಗದ್ದೆ ಇತ್ತು. ಎಲೆಕ್ಟ್ರಾನಿಕ್ ಸಿಟಿ ಬೆಳೆದಂತೆ ಗದ್ದೆಗಳು ಒಂದೊಂದಾಗಿ ಕಾಂಪೌಂಡಿನ ಒಳಗೆ ಹೋದವು. ಇವರಿಗೆ ಉಳಿದದ್ದು ಒಂದು ಫ್ಯಾಕ್ಟರಿ ಗೋಡೆಗೂ ಈರಪ್ಪನ ಬದುವಿಗೂ ನಡುವೆ ಒಣಹಾಕಿದ ಸೀರೆಯಂತೆ ಉದ್ದಕ್ಕೆ ಬಿದ್ದಿರುವ ಒಂದು ಪಟ್ಟಿ. ಕೆರೆಯ ಜೌಗಿನಿಂದ ಸದಾ ಹಸಿ. ಅದನ್ನು ಮಣ್ಣಿನಿಂದ ಎತ್ತರಿಸಿ, ಸಾಲಾಗಿ ಶೀಟಿನ ಮನೆ ಕಟ್ಟಿ, ಫ್ಯಾಕ್ಟರಿ ಹುಡುಗರಿಗೆ ಬಾಡಿಗೆಗೆ ಕೊಡಬೇಕೆಂದು ಸೊಣ್ಣಪ್ಪನ ಆಸೆ. ಅವನ ಮಂಡಿ ಹಿಡಿದುಹೋಗಿದೆ. ಆಸೆಯಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಆ ಪಟ್ಟಿಯ ಮೂಲೆಯಲ್ಲಿ ಚಿಕ್ಕಮುನಿಯಮ್ಮ ಭತ್ತದ ಒಟ್ಲು, ಅಂದರೆ ಸಸಿಮಡಿ, ಬಿಟ್ಟಿದ್ದಳು. ಆನೇಕಲ್ಲಿನ ತಂಗಿಯ ಮನೆಯಿಂದ ಬಿತ್ತನೆ ತಂದು, ಕೆಲಸದಿಂದ ಬಂದ ಮೇಲೆ ದಿನವೂ ಪಟ್ಟಿಯ ಉದ್ದಕ್ಕೂ ಕೆಸರು ತುಳಿದು ಹದ ಮಾಡಿದ್ದಳು. ಮಂಡಿನೋವಿನಿಂದ ಅಷ್ಟು ದೂರ ಇಳಿಯದ ಸೊಣ್ಣಪ್ಪ ಸೊಪ್ಪು ಹಾಕಿದ್ದಾಳೆಂದೇ ತಿಳಿದಿದ್ದ. ಈಗ ಪೈರು ಗೇಣುದ್ದ ಬಂದು ನಾಟಿಗೆ ಸಿದ್ಧವಾಗಿತ್ತು. ಆ ಊರಲ್ಲಿ ನೆಟ್ಟ ಪೈರಿನ ಮೇಲೆ ಯಾರೂ ಮಣ್ಣು ಸುರಿಯುತ್ತಿರಲಿಲ್ಲ. ಎಂಥ ಅವಸರದ ಲಾರಿಯವನೂ ಕುಯ್ಲಿನ ತನಕ ಕಾಯುತ್ತಿದ್ದ. ಸಾಯಂಕಾಲದೊಳಗೆ ನೆಟ್ಟುಬಿಟ್ಟರೆ ಈ ಫಸಲು ಉಳಿಯುತ್ತದೆ. ಇಲ್ಲದಿದ್ದರೆ ಇಲ್ಲ.

ಅವಳು ಬುತ್ತಿ ಕಟ್ಟಿಕೊಂಡು ಎಂದಿನಂತೆ ಕೆಲಸಕ್ಕೆ ಹೋದಳು. ಅರ್ಧ ದಿನದ ರಜೆ ಕೇಳಬೇಕಾದರೂ ಮೊದಲು ಮುಖ ತೋರಿಸಬೇಕಲ್ಲ.

ಕೆಲಸ ಎಂದರೆ ಕಂಪನಿಯ ಅಂಗಳದಲ್ಲಿ ಹುಲ್ಲು ನೆಡುವುದು. ಗಾರ್ಡನ್ ಕಂಟ್ರಾಕ್ಟರ್ ಭಾನುಪ್ರಕಾಶ್ ಹುಡುಕಿ ಹುಡುಕಿ ನಾಟಿ ಹೆಂಗಸರನ್ನೇ ಕರೆದುಕೊಂಡಿದ್ದ. ದಿನವಿಡೀ ಬಗ್ಗಿರಬಲ್ಲ ಬೆನ್ನು ಬೇರೆ ಯಾರಿಗಿದೆ? ಗದ್ದೆಯಲ್ಲಿ ಮಾಡುತ್ತಿದ್ದ ಹಾಗೆಯೇ ಸಾಲಾಗಿ ನಿಂತು, ಹುಲ್ಲಿನ ಎಳೆ ಊರುತ್ತ, ಹಿಂದೆ ಹಿಂದೆ ಸರಿಯುತ್ತಾರೆ. ಪದ ಹೇಳುವಂತಿಲ್ಲ, ಅಷ್ಟೇ. ಗಾಜಿನ ಒಳಗೆ ಜನ ಕೆಲಸ ಮಾಡುತ್ತಿರುತ್ತಾರೆ.

"ಏನಮ್ಮಾ, ಬೆಟ್ಟಕ್ಕೆ ಹೋಗ್ಬಂದ್ಮೇಲೆ ನೀವು ಏಡಿ ಥರ ಪಕ್ಕಪಕ್ಕಕ್ಕೆ ಹೋಗ್ತೀರಲ್ಲಾ!" ಎಂದ ಭಾನುಪ್ರಕಾಶ್, ಸಾಲು ತಪ್ಪಿದ ಚಿಕ್ಕಮುನಿಯಮ್ಮನನ್ನು ನೋಡಿ.

"ಅಕ್ಕ ಅಲ್ಲಿ ಬಿದ್ದವ್ಳೆ ಸಾರ್" ಎಂದು ಜೊತೆಯ ಅನುಸೂಯಮ್ಮ ನಕ್ಕಳು. "ಆವಾಗಿಂದ ಹಿಂದುಕ್ಕೆ ಕಾಲಿಡಕ್ಕೆ ಭಯ."

ಬಿದ್ದದ್ದು ನಿಜ. ಬೇಸಿಗೆಯಲ್ಲಿ ಮಗಳು ಮಂಜುಶ್ರೀಯ ಬಾಣಂತನಕ್ಕೆಂದು ಅವಳು ದೂರದ ಉತ್ತರದ ಬೆಟ್ಟಸೀಮೆಗೆ, ಪಿತೋರಾಗಢ ಜಿಲ್ಲೆಗೆ ಹೋಗಿದ್ದಳು. ಅಳಿಯ ಅಲ್ಲಿ ಗಡಿರಸ್ತೆಯ ಕೆಲಸದಲ್ಲಿ ಡೋಜರ್ ಓಡಿಸುತ್ತಿದ್ದ. ರೈಲು ಇಳಿದು ಬಸ್ಸು ಹತ್ತಿ, ಬಸ್ಸು ಸುತ್ತಿ ಸುತ್ತಿ ಮೇಲೇರಿದಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ತೆರೆದರೆ, ಬುಡದಿಂದ ಕತ್ತಿನವರೆಗೆ ಬೆಟ್ಟಕ್ಕೆ ಬೆಟ್ಟವೇ ಮೆಟ್ಟಿಲು.

"ಇಷ್ಟೊಂದು ಮೆಟ್ಲು ಅವೆ, ದೇವ್ರೆಲ್ಲಪ್ಪಾ?" ಎಂದು ಅಳಿಯನನ್ನು ಕೇಳಿದ್ದಳು, ಕೈ ಮುಗಿಯಲು ತಯಾರಾಗಿ.

"ಅವು ಮೆಟ್ಲಲ್ಲತ್ತೆ, ಭತ್ತದ ಗದ್ದೆ."

ಮಳೆ ಹಿಡಿದ ಮೇಲೆ ಅವಳಿಗೆ ನಂಬಿಕೆ ಬಂತು. ಮೆಟ್ಟಿಲುಗಳಲ್ಲಿ ನೀರು ನಿಂತು, ಪ್ರತಿಯೊಂದರಲ್ಲೂ ಮೋಡ ಚೂರುಚೂರಾಗಿ ಕಾಣುತ್ತಿತ್ತು. ಬಾಣಂತಿಗೂ ಕೂಸಿಗೂ ಎರೆದು ಮಲಗಿಸಿ ಹೊರಗೆ ಕೂತರೆ, ಕೆಳಗೆ ಹೆಂಗಸರು ನಾಟಿ ಮಾಡುತ್ತಿದ್ದರು. ಬದುವಿನ ಮೇಲೆ ಒಬ್ಬ ಗಂಡಸು ಸಣ್ಣ ಡೋಲು ಬಾರಿಸಿಕೊಂಡು ಹಾಡುತ್ತಿದ್ದ. ಚಿಕ್ಕಮುನಿಯಮ್ಮನ ಬೆರಳು ಮಡಿಲಲ್ಲಿ ತಾವಾಗಿಯೇ ಆಡಿದವು. ಒಂದು ದಿನ ಒಬ್ಬಾಕೆ ಕೈಬೀಸಿ ಕರೆದಳು. ಇವಳು ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟಳು.

ಕೆಸರು ಪಾದಕ್ಕೆ ಮುಟ್ಟಿದಾಗ ಕಣ್ಣು ತುಂಬಿತು. ಬೆಟ್ಟಕ್ಕೆ ಮುಖ ಮಾಡಿ ಬಗ್ಗಿ, ಜೀವಮಾನದ ರೂಢಿಯಂತೆ, ನೆಡುತ್ತ ಹಿಂದಕ್ಕೆ ಸರಿದಳು. ಇನ್ನೊಂದು ಹೆಜ್ಜೆ. ಮತ್ತೊಂದಕ್ಕೆ ನೆಲವೇ ಇರಲಿಲ್ಲ. ಕೈಯಲ್ಲಿ ಪೈರು ಹಿಡಿದಂತೆಯೇ ಕೆಳಗಿನ ಗದ್ದೆಯ ಕೆಸರಲ್ಲಿ ಹೋಗಿ ಕೂತಳು. ಡೋಲು ನಿಂತಿತು. ಇವಳೇ ಮೊದಲು ನಕ್ಕಳು; ಆಮೇಲೆ ಬೆಟ್ಟವೆಲ್ಲ ನಕ್ಕಿತು. ಕರೆದಾಕೆ ಇಳಿದು ಬಂದು ಎರಡೂ ಕೈಯಲ್ಲಿ ನೀರು ಮೊಗೆದು ಇವಳ ಬೆನ್ನು ತೊಳೆದಳು. ಮತ್ತೆ ಮೇಲೆ ಹತ್ತಿಸಿ, ಭುಜ ಹಿಡಿದು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದಳು. ಗದ್ದೆಯ ಅಗಲಕ್ಕಲ್ಲ, ಉದ್ದಕ್ಕೆ ಹೋಗು. ಅವಳ ಮಾತು ತಿಳಿಯಲಿಲ್ಲ, ಕೈ ತಿಳಿಯಿತು. ಬಿಸಿಲು ಇಳಿಯುವ ತನಕ ಇಬ್ಬರೂ ಹಾಗೆ ನೆಟ್ಟರು. ತೋಗೂರಿನ ಪಟ್ಟಿಗಿಂತಲೂ ಆ ಗದ್ದೆ ಇಕ್ಕಟ್ಟಾಗಿತ್ತು.

ಇತ್ತ ಕಂಪನಿಯಲ್ಲಿ ಊಟದ ಹೊತ್ತಿಗೆ ಅರ್ಧ ದಿನದ ರಜೆ ಸಿಕ್ಕಿತು. ಅನುಸೂಯಮ್ಮನೂ ರಜೆ ಹಾಕಿ, ಕರೆಯದೆಯೇ ಹಿಂದೆ ಬಂದಳು. ಇಬ್ಬರೂ ಪೈರು ಕಿತ್ತು ಕಟ್ಟು ಕಟ್ಟಿ, ಫ್ಯಾಕ್ಟರಿ ಗೋಡೆಯ ಕಡೆಯಿಂದ ಶುರುಮಾಡಿದರು. ಅರ್ಧಕ್ಕಿಂತ ಹೆಚ್ಚು ಮುಗಿದಾಗ ಬದುವಿನ ಮೇಲೆ ಊರುಗೋಲು ಕಾಣಿಸಿತು.

"ಇದೇನಮ್ಮಿ ಮಾಡ್ತಾ ಇದ್ದೀಯಾ?"

"ಕಾಣ್ತಾ ಇಲ್ವಾ?" ಚಿಕ್ಕಮುನಿಯಮ್ಮ ನಡು ಹಿಡಿದು ಎದ್ದು, ಬದುವಿನ ಬಳಿ ಬಂದಳು.

"ಇಷ್ಟು ಇಕ್ಕಟ್ನಾಗೆ ಯಾರಾದ್ರೂ ನಾಟಿ ಆಕ್ತಾರಾ?"

"ಆಕ್ತಾರೆ. ಕಂಡು ಬಂದಿವ್ನಿ. ಬಿದ್ದೂ ಬಂದಿವ್ನಿ."

ಅನುಸೂಯಮ್ಮ ಕಿಸಕ್ಕೆಂದಳು. ಸೊಣ್ಣಪ್ಪ ನಗಲಿಲ್ಲ. ಹಸಿರು ಸಾಲನ್ನು ಬಹಳ ಹೊತ್ತು ನೋಡಿದ.

"ನನ್ ಮಂಡಿ ಓಯ್ತು. ನಾಳೆ ನಿನ್ ಬೆನ್ನೂ ಓದ್ರೆ? ಬಾಡಿಗೆ ಮನೆ ಇದ್ರೆ ಕೂತ ಜಾಗದಾಗೆ ಅನ್ನ ಉಟ್ತದೆ."

"ಉಟ್ಲಿ. ಬ್ಯಾಡ ಅಂದ್ನಾ? ಇದೊಂದು ಕುಯ್ಲಾಗ್ಲಿ. ಬೆನ್ನು ಇರೋಗಂಟ ಒಂದು ಸಲ ನಮ್ಮ ಗದ್ದೇನ ನಾನೇ ನೆಡ್ಬೇಕು. ಆ ಕಂಪನಿ ಹುಲ್ಲು ನೆಟ್ಟು ನೆಟ್ಟು ಸಾಕಾಗೈತೆ ಕಣಯ್ಯಾ, ದನಾನೂ ತಿನ್ನಲ್ಲ ಅದ್ನ."

ಕೆರೆಯ ಏರಿಯ ಮೇಲೆ ಲಾರಿಯ ಸದ್ದು ಕೇಳಿಸಿತು. ಸೊಣ್ಣಪ್ಪ ಅತ್ತ ನೋಡಿದ, ಪೈರಿನತ್ತ ನೋಡಿದ.

"ಬಂದೇ ಬಿಟ್ಟ. ಈಗ ಅವ್ನಿಗೆ ಏನಂತ ಯೋಳ್ಲಿ ನಾನು? ಬೆಳಗ್ಗೆ ತಾನೇ ಆಯ್ತು ಅಂದಿವ್ನಿ. ನೀನಾದ್ರೂ ಒಂದು ಮಾತು ಮೊದ್ಲೇ…"

ಚಿಕ್ಕಮುನಿಯಮ್ಮ ಬದುವಿನ ಮೇಲಿದ್ದ ಪೈರಿನ ಕಟ್ಟನ್ನು ಕಂಕುಳಿಗೆ ಇಟ್ಟುಕೊಂಡು, ಅವನು ಮಾತಾಡುತ್ತಿದ್ದಂತೆಯೇ, ಕೆಸರಿಗೆ ಇಳಿದು ಹೋದಳು.